ಎಲ್ಲಾ ಒಂದೇ ಥರ ಕೇಳುತ್ತಲ್ಲ, ಬೇಜಾರಾಗಲ್ವಾ?

ಈ ಪ್ರಶ್ನೆ ನನಗೆ ಕಾರಿನಲ್ಲೇ ಜಾಸ್ತಿ ಬರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೊರಟರೆ ಬಿಡದಿ ದಾಟುವ ತನಕ ಎಲ್ಲರೂ ಸುಮ್ಮನಿರುತ್ತಾರೆ. ರಾಮನಗರ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರಾದರೂ ಬಾಯಿ ಬಿಡುತ್ತಾರೆ. "ಇದು ಆಗಲೇ ಹಾಕಿದ್ದ ಹಾಡೇ ಅಲ್ವಾ?" ಅಲ್ಲ, ಇದು ಬೇರೆ ಹಾಡು ಅನ್ನುತ್ತೇನೆ. ಬೇರೆ ಹಾಡುಗಾರ, ಬೇರೆ ಊರು, ಆ ಹಾಡಿಗೂ ಈ ಹಾಡಿಗೂ ಮೂವತ್ತು ವರ್ಷ ವ್ಯತ್ಯಾಸ. "ಹೌದಾ? ಈ ಬ್ಲೂಸ್ ಎಲ್ಲಾ ಒಂದೇ ಥರ ಕೇಳುತ್ತಲ್ಲ. ನಿನಗೆ ಬೇಜಾರಾಗಲ್ವಾ?"

ಬ್ಲೂಸ್ ಅಂದರೆ ಅಮೆರಿಕದ ಕರಿಯ ಜನ ಕಟ್ಟಿಕೊಂಡ ಸಂಗೀತ. ಈ ಪ್ರಶ್ನೆಯನ್ನು ಆಫೀಸಿನವರು ಕೇಳಿದ್ದಾರೆ. ಹೆಂಡತಿ ಕೇಳಿ ಕೇಳಿ ಕೈಬಿಟ್ಟಿದ್ದಾಳೆ. ಮೈಸೂರಿನ ಚಿಕ್ಕಮ್ಮ ಮಾತ್ರ ಇನ್ನೂ ಬಿಟ್ಟಿಲ್ಲ. ಅವರು ನಲವತ್ತು ವರ್ಷ ವೀಣೆ ನುಡಿಸಿದವರು. ಅವರು ಕೇಳಿದಾಗ ಹಾರಿಕೆ ಉತ್ತರ ಕೊಟ್ಟು ತಪ್ಪಿಸಿಕೊಳ್ಳೋಕೆ ಆಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೌದು, ಒಂದೇ ಥರ ಇರುತ್ತದೆ. ಬಹುಪಾಲು ಬ್ಲೂಸ್ ಹಾಡುಗಳಿಗೆ ಲೆಕ್ಕ ಒಂದೇ, ಹನ್ನೆರಡು ಬಾರ್. ಬಾರ್ ಅಂದರೆ ತಾಳದ ಒಂದು ಅಳತೆ. ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಇದನ್ನೊಂದು ಆವರ್ತ ಅಂದುಕೊಳ್ಳಿ. ಮೊದಲ ನಾಲ್ಕು ಬಾರ್ ಷಡ್ಜದ, ಅಂದರೆ 'ಸ'ದ ಮನೆಯಲ್ಲಿ ಕೂತಿರುತ್ತದೆ. ಆಮೇಲೆ ಎರಡು ಬಾರ್ ಮಧ್ಯಮಕ್ಕೆ ಹೋಗಿ, ಮತ್ತೆ ಎರಡು ಬಾರ್ ಮನೆಗೆ ಬರುತ್ತದೆ. ಒಂದು ಬಾರ್ ಪಂಚಮ, ಒಂದು ಮಧ್ಯಮ, ಕೊನೆಯ ಎರಡಕ್ಕೆ ವಾಪಸ್ ಮನೆ. ಮತ್ತೆ ಮೊದಲಿನಿಂದ. ಸಾಹಿತ್ಯವೂ ಹಾಗೇ. ಮೂರು ಸಾಲು. ಮೊದಲ ಸಾಲನ್ನೇ ಎರಡನೇ ಸಲ ಹಾಡಬೇಕು, ಮೂರನೆಯದರಲ್ಲಿ ಅದಕ್ಕೊಂದು ಜವಾಬು ಕೊಡಬೇಕು. ಒಂದೊಂದು ಸಾಲಿಗೂ ನಾಲ್ಕು ಬಾರ್ ಸಿಗುತ್ತದೆ, ಆದರೆ ಹಾಡುವವನು ಅರ್ಧದಲ್ಲೇ ಮುಗಿಸಿ ಸುಮ್ಮನಾಗುತ್ತಾನೆ. ಉಳಿದರ್ಧ ಗಿಟಾರಿನ ಪಾಲು. ಅಜ್ಜಿ ಕಥೆ ಹೇಳುವಾಗ ಮೊಮ್ಮಗು ಹೂಂಗುಟ್ಟುತ್ತದಲ್ಲ, ಗಿಟಾರಿನ ಕೆಲಸ ಅದು. ಕೆಲವು ಸಲ ಹೂಂಗುಟ್ಟುತ್ತದೆ, ಕೆಲವು ಸಲ ಎದುರು ಮಾತಾಡುತ್ತದೆ.

ಚಿಕ್ಕಮ್ಮನಿಗೆ ಇಷ್ಟು ಹೇಳಿದ ತಕ್ಷಣ ಬೀಸುವ ಕಲ್ಲಿನ ಪದ ನೆನಪಾಯಿತು. ಅದೂ ತ್ರಿಪದಿ, ಅಲ್ಲೂ ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಏನಿಲ್ಲ. ಕೈ ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುತ್ತಿರುವಾಗ ಬಾಯಿಗೆ ಬರುವ ಹಾಡು ಹೀಗೇ ಇರುತ್ತದೋ ಏನೋ. ಬ್ಲೂಸ್ ಹುಟ್ಟಿದ್ದೂ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕರಿಯ ಜನರ ನಡುವೆ.

ಒಂದೇ ಥರ ಅಂದರೆ ಎಷ್ಟರ ಮಟ್ಟಿಗೆ ಒಂದೇ ಥರ? 1903ರ ಸುಮಾರಿಗೆ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ತರು ಮಿಸಿಸಿಪ್ಪಿಯ ಟಟ್‌ವೈಲರ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತಾ ತೂಕಡಿಸುತ್ತಿದ್ದ. ಪಕ್ಕದಲ್ಲಿ ಹರಿದ ಬಟ್ಟೆಯ ಕರಿಯನೊಬ್ಬ ಬಂದು ಕೂತು ಗಿಟಾರ್ ಮೀಟತೊಡಗಿದ. ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತಿದ್ದ. ಎರಡು ರೈಲು ದಾರಿ ಕೂಡುವ ಊರಿಗೆ ಹೋಗುತ್ತೇನೆ ಅನ್ನುವ ಒಂದೇ ಸಾಲು, ಅದನ್ನೇ ಮೂರು ಸಲ ಹಾಡಿದ. ಓದು ಬರಹ, ನೊಟೇಶನ್ ಎಲ್ಲ ಬಲ್ಲ ಹ್ಯಾಂಡಿಗೆ ಅದಕ್ಕಿಂತ ವಿಚಿತ್ರವಾದ ಸಂಗೀತ ಜೀವನದಲ್ಲೇ ಕೇಳಿಲ್ಲ ಅನ್ನಿಸಿತಂತೆ. ಆದರೆ ಮರೆಯಲಿಲ್ಲ. ಮುಂದೆ 1912ರಲ್ಲಿ, 1914ರಲ್ಲಿ ಆತ ಅಚ್ಚು ಮಾಡಿಸಿದ ಬ್ಲೂಸ್ ಹಾಡುಗಳು ಅಮೆರಿಕದ ತುಂಬಾ ಹರಡಿದವು. ಚಾಕುವಿನವನ ಹೆಸರು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಸ್ವರದ ವಿಷಯ. ಇದೇ ನಿಜವಾದ ಉತ್ತರ. ಸರಿಗಮದ 'ಗ' ಅಂದರೆ ಗಾಂಧಾರ. ಪಿಯಾನೋದಲ್ಲಿ ಅದರ ತಗ್ಗಿನ ರೂಪ ಸಾಧಾರಣ ಗಾಂಧಾರಕ್ಕೊಂದು ಮನೆ ಇದೆ, ಏರಿನ ರೂಪ ಅಂತರ ಗಾಂಧಾರಕ್ಕೊಂದು ಮನೆ ಇದೆ. ಬ್ಲೂಸ್‌ನ ಗಾಂಧಾರ ಇರುವುದು ಆ ಎರಡರ ಮಧ್ಯೆ. ಅದಕ್ಕೆ ಮನೆಯೇ ಇಲ್ಲ. ಹಾಡುಗಾರ ಗಂಟಲಿನಲ್ಲಿ ಹುಡುಕಿಕೊಳ್ಳಬೇಕು, ಗಿಟಾರಿನವನು ತಂತಿ ಎಳೆದು ಹುಡುಕಿಕೊಳ್ಳಬೇಕು. ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಹಿಡಿಯಬೇಕು, ಬಿಡುವಾಗ ನಿಧಾನಕ್ಕೆ ಬಿಡಬೇಕೋ ಥಟ್ಟನೆ ಬಿಡಬೇಕೋ, ಇದು ಒಬ್ಬೊಬ್ಬರದು ಒಂದೊಂದು ಥರ. ಲೆಕ್ಕ ಒಂದೇ ಆಗಿರುವುದರಿಂದಲೇ ಈ ವ್ಯತ್ಯಾಸ ಕಿವಿಗೆ ಬೀಳುತ್ತದೆ.

ಫೋನಿನಲ್ಲಿ ಚಿಕ್ಕಮ್ಮನಿಗೆ ಬ್ಲೂಸ್ ಗಿಟಾರಿನ ಬಿ. ಬಿ. ಕಿಂಗ್ ನುಡಿಸುವ ವಿಡಿಯೋ ತೋರಿಸಿದೆ. ಎರಡೇ ನಿಮಿಷ ನೋಡಿದರು. "ಇವನು ಗಿಟಾರಿನ ಮೆಟ್ಟಿಲ ಮೇಲೇ ತಂತಿ ಎಳೀತಾನಲ್ಲೋ. ಇದು ನಮ್ಮ ವೀಣೆ ಗಮಕವೇ." ಸುಳ್ಳಲ್ಲ. ಉದ್ದೇಶ ಬೇರೆ, ಶಾಸ್ತ್ರ ಬೇರೆ, ಆದರೆ ಬೆರಳಿನ ಕೆಲಸ ಅದೇ.

(ಇವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದೇನೆ ಅಂತ ಬೇಸರ ಬೇಡ. ಧಾರವಾಡದ ಕಡೆ "ಭೀಮಸೇನ ಜೋಶಿ ಏನ್ ಹಾಡ್ತಾನ್ರೀ" ಅನ್ನುತ್ತಾರಲ್ಲ, ಆ ಏಕವಚನ ಇದು.)

ಬಿ. ಬಿ. ಕಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ತಡೆದುಕೊಳ್ಳಿ. 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ ಹತ್ತಿ ಬಿಡಿಸುತ್ತಾ ಬೆಳೆದವನು. ಅವನ ತಾಯಿಯ ಕಡೆಯ ಸಂಬಂಧಿ ಬುಕ್ಕಾ ವೈಟ್ ಬೆರಳಿಗೆ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿ ನುಡಿಸುವುದರಲ್ಲಿ ಪಳಗಿದವನು. ಕಿಂಗ್‌ಗೆ ಅದು ಎಷ್ಟು ಮಾಡಿದರೂ ಬರಲಿಲ್ಲ. ಆ ನಾದ ಬೇಕಲ್ಲ ಅಂತ ಸುಮ್ಮನೆ ಬೆರಳನ್ನೇ ತಂತಿಯ ಮೇಲೆ ಅದುರಿಸಿದ. ಇವತ್ತು ಜಗತ್ತಿನಲ್ಲಿ ಗಿಟಾರ್ ಹಿಡಿದವರೆಲ್ಲ ನಕಲು ಮಾಡಲು ನೋಡುವ ಆ ಕಂಪನ ಹುಟ್ಟಿದ್ದು ಹೀಗೆ, ಇನ್ನೊಂದು ಬರದೇ ಇದ್ದದ್ದರಿಂದ. ಹಾಡುತ್ತಲೇ ಗಿಟಾರ್ ನುಡಿಸುವುದೂ ಅವನಿಗೆ ಆಗುತ್ತಿರಲಿಲ್ಲ. ಹಾಡುವಾಗ ಗಿಟಾರ್ ಮೌನ, ಗಿಟಾರ್ ಶುರುವಾದರೆ ಬಾಯಿ ಮೌನ. ಬೇರೆಯವರು ಹತ್ತು ಸ್ವರ ಹಾಕುವ ಜಾಗದಲ್ಲಿ ಒಂದು ಹಾಕುತ್ತಿದ್ದ. ಆ ಒಂದು ಸ್ವರ ಕೇಳಿದರೆ ಸಾಕು, ಇದು ಇವನೇ ಅಂತ ಕಣ್ಣು ಮುಚ್ಚಿ ಹೇಳಬಹುದು.

ಅವನ ಗಿಟಾರಿನ ಹೆಸರು ಲೂಸಿಲ್. ಅದರ ಕಥೆ ಅವನೇ ಹೇಳಿದ್ದು. 1949ರ ಚಳಿಗಾಲ, ಆರ್ಕನ್ಸಾದ ಟ್ವಿಸ್ಟ್ ಎಂಬ ಹಳ್ಳಿ. ಕುಣಿತದ ಕೋಣೆಯ ನಡುವೆ ಡ್ರಮ್ಮಿನಲ್ಲಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿ ಇಟ್ಟಿದ್ದರು, ಚಳಿಗೆ. ಇಬ್ಬರು ಗಂಡಸರು ಹೊಡೆದಾಡಿಕೊಂಡು ಆ ಡ್ರಮ್ ಉರುಳಿಸಿದರು. ನೆಲದ ಮೇಲೆಲ್ಲ ಬೆಂಕಿ ಹರಿಯಿತು. ಎಲ್ಲರ ಜೊತೆ ಇವನೂ ಹೊರಗೋಡಿದ. ಆಮೇಲೆ ಗಿಟಾರ್ ಒಳಗೇ ಉಳಿಯಿತು ಅಂತ ನೆನಪಾಗಿ ಉರಿಯುವ ಮನೆಯೊಳಕ್ಕೆ ಮತ್ತೆ ನುಗ್ಗಿದ. ಮರುದಿನ ಗೊತ್ತಾಯಿತು, ಜಗಳ ಆದದ್ದು ಲೂಸಿಲ್ ಎಂಬ ಹೆಂಗಸಿಗಾಗಿ. ಇನ್ನು ಇಂಥ ಮೂರ್ಖತನ ಮಾಡಬಾರದು ಅಂತ ನೆನಪಿಗೆ ಗಿಟಾರಿಗೆ ಅದೇ ಹೆಸರಿಟ್ಟ. ಆಮೇಲೆ ಬಂದ ಗಿಟಾರುಗಳೆಲ್ಲ ಲೂಸಿಲ್‌ಗಳೇ.

ಈ ಕಥೆ ನನಗೆ ಇಷ್ಟ. ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನುವ ಕಥೆ ಮಾತ್ರ ನನಗೆ ಸೇರಲ್ಲ. 27 ವರ್ಷ ಬದುಕಿದವನು, ಒಟ್ಟು 29 ಹಾಡು ರೆಕಾರ್ಡ್ ಮಾಡಿದವನು. ಅವನು ಕಲಿತದ್ದು ಐಕ್ ಝಿಮ್ಮರ್‌ಮನ್ ಎಂಬ ಗಿಟಾರ್ ವಾದಕನ ಹತ್ತಿರ. ರಾತ್ರಿ ಹೊತ್ತು ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ, ಅಲ್ಲಾದರೆ ಗಲಾಟೆ ಅಂತ ಬೈಯುವವರಿಲ್ಲ ನೋಡಿ. ಸಾಧನೆಗೆ ಸೈತಾನನ ಹೆಸರು ಯಾಕೆ ಕಟ್ಟಬೇಕು? ಸ್ಮಶಾನ ಹುಡುಕಿಕೊಂಡು ಹೋದವರ ಕಷ್ಟ ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಅಗ್ಗದ ಗಿಟಾರೊಂದನ್ನು ತಂದು ಬಾಲ್ಕನಿಯಲ್ಲಿ ತಂತಿ ಎಳೆಯುತ್ತಿದ್ದೆ. ಮೂರನೇ ವಾರಕ್ಕೆ ಕೆಳಗಿನ ಮನೆಯವರು ಬಂದು, "ಬೆಕ್ಕಿಗೆ ಏನಾದರೂ ಆಗಿದೆಯಾ ಸಾರ್?" ಅಂತ ಕೇಳಿದರು.

ಒಂದೇ ಸ್ವರ ಬೇರೆ ಬೇರೆ ಕೈಯಲ್ಲಿ ಏನಾಗುತ್ತದೆ ಅಂತ ನೋಡಬೇಕಾದರೆ ಆಲ್ಬರ್ಟ್ ಕಿಂಗ್ ಮತ್ತು ಸ್ಟೀವಿ ರೇ ವಾನ್ ಎಂಬ ಇಬ್ಬರು ಗಿಟಾರಿನವರು ಒಟ್ಟಿಗೆ ನುಡಿಸಿದ್ದು ಕೇಳಿ. 1983ರ ಡಿಸೆಂಬರ್, ಕೆನಡಾದ ಹ್ಯಾಮಿಲ್ಟನ್‌ನ ಟಿವಿ ಸ್ಟುಡಿಯೋ. ಆಲ್ಬರ್ಟ್‌ಗೆ 60, ಸ್ಟೀವಿಗೆ 29. ಆಲ್ಬರ್ಟ್ ಎಡಗೈಯವನು. ಬಲಗೈಯವರ ರೀತಿ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಿದ್ದ. ಹಾಗಾಗಿ ಸಣ್ಣ ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಬೇರೆಯವರು ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿದರೆ ಇವನು ಕೆಳಕ್ಕೆ ಎಳೆಯುತ್ತಿದ್ದ, ಬಾವಿಯ ಹಗ್ಗ ಜಗ್ಗಿದ ಹಾಗೆ. ಸ್ಟೀವಿ ಚಿಕ್ಕಂದಿನಿಂದ ಇವನ ರೆಕಾರ್ಡು ಕೇಳಿಯೇ ಕಲಿತವನು. ಅದೇ ವರಸೆಗಳನ್ನು ಗುರುವಿನ ಎದುರೇ ನುಡಿಸುತ್ತಾನೆ. ಎರಡು ಪಟ್ಟು ವೇಗ, ಎರಡು ಪಟ್ಟು ಸ್ವರ. ಆಲ್ಬರ್ಟ್ ಕೇಳುತ್ತಾ ಕೂತು, ತನ್ನ ಸರದಿ ಬಂದಾಗ ಒಂದೇ ತಂತಿ ಎಳೆದು ಹಿಡಿಯುತ್ತಾನೆ. ನನ್ನ ಓಟು ಮುದುಕನಿಗೆ. ಏಳು ವರ್ಷ ಕಳೆಯುವುದರೊಳಗೆ, 1990ರ ಆಗಸ್ಟ್‌ನಲ್ಲಿ, ಸ್ಟೀವಿ ಒಂದು ಸಂಗೀತ ಕಛೇರಿ ಮುಗಿಸಿ ಹೊರಟ ಹೆಲಿಕಾಪ್ಟರ್ ಬಿದ್ದು ತೀರಿಕೊಂಡ. 35 ವರ್ಷ.

ಉತ್ಸವಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯ ಅನ್ನುವುದು ಇದೇ ಪ್ರಶ್ನೆಯ ಬಾಲ. ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಒಂದು ಜೂನ್‌ನಲ್ಲಿ ಶಿಕಾಗೋ ಬ್ಲೂಸ್ ಫೆಸ್ಟಿವಲ್‌ಗೆ ಹೋಗಿದ್ದೆ. 1984ರಲ್ಲಿ ಶುರುವಾದದ್ದು, ಶಿಕಾಗೋದ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ. ಟಿಕೆಟ್ ಇಲ್ಲ, ಪೂರ್ತಿ ಉಚಿತ. ಈಗ ಮಿಲೇನಿಯಂ ಪಾರ್ಕಿನಲ್ಲಿ ನಡೆಯುತ್ತದೆ. ಜನ ಮಡಚುವ ಕುರ್ಚಿ, ತಿಂಡಿ ಡಬ್ಬಿ, ಅಜ್ಜ ಅಜ್ಜಿ ಎಲ್ಲರನ್ನೂ ಕಟ್ಟಿಕೊಂಡು ಬರುತ್ತಾರೆ. ರಾಮನವಮಿ ಸಂಗೀತಕ್ಕೆ ಬಂದ ಹಾಗೆ. ಪಾನಕ ಕೋಸಂಬರಿ ಇಲ್ಲ ಅಷ್ಟೇ.

ಮಿಸಿಸಿಪ್ಪಿಯ ಹತ್ತಿ ಹೊಲದಿಂದ 1943ರಲ್ಲಿ ರೈಲು ಹತ್ತಿ ಈ ಊರಿಗೆ ಬಂದವನು ಮಡ್ಡಿ. ಅವನಂತೆ ಲಕ್ಷಾಂತರ ಕರಿಯರು ದಕ್ಷಿಣ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಬಂದರು. ಇಲ್ಲಿನ ಬಾರುಗಳ ಗದ್ದಲದಲ್ಲಿ ಮರದ ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. ಕರೆಂಟಿನ ಗಿಟಾರ್ ಹಿಡಿದ. ಹಳ್ಳಿಯ ಹಾಡೇ, ಅದೇ ಹನ್ನೆರಡು, ಆದರೆ ಈಗ ಗೋಡೆ ಅದುರುತ್ತಿತ್ತು. ಅವನ ಒಂದು ಹಾಡಿನ ಹೆಸರನ್ನೇ ಲಂಡನ್ನಿನ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು. ಅವರೇ ರೋಲಿಂಗ್ ಸ್ಟೋನ್ಸ್.

ಆ ದಿನ ನಾನು ರಾಬರ್ಟ್ ಜಾನ್ಸನ್‌ನ ಶಿಕಾಗೋ ಹಾಡನ್ನು, 1936ರಲ್ಲಿ ಟೆಕ್ಸಾಸ್‌ನ ಹೋಟೆಲ್ ಕೋಣೆಯೊಂದರಲ್ಲಿ ಅವನು ರೆಕಾರ್ಡ್ ಮಾಡಿದ್ದನ್ನು, ಮೂರು ಸಲ ಕೇಳಿದೆ. ಮೂರು ತಂಡ, ಮೂರು ವೇದಿಕೆ. ಒಬ್ಬರದು ಮೆರವಣಿಗೆ ಥರ ಇತ್ತು. ಒಬ್ಬರದು ಕುಡಿದು ಮನೆಗೆ ನಡೆದು ಹೋಗುವವರ ಥರ. ಮೂರನೆಯ ತಂಡದಲ್ಲಿ ಮೌತ್ ಆರ್ಗನ್ ನುಡಿಸುವ ಹೆಂಗಸೊಬ್ಬರಿದ್ದರು. ಅವರು ಮಾಡಿದ್ದನ್ನು ಬರೆಯೋಕೆ ನನಗೆ ಬರಲ್ಲ. ಹತ್ತಿರ ಕೂತಿದ್ದ ಮುದುಕರೊಬ್ಬರು ಮೂರನೇ ಸಲವೂ ಎದ್ದು ಕುಣಿದರು. ಬ್ಲೂಸ್ ಅಂದರೆ ಗೋಳು ಅಂದುಕೊಂಡವರಿಗೆ ಅವರನ್ನು ತೋರಿಸಬೇಕಿತ್ತು. ಇದು ವಾರವಿಡೀ ದುಡಿದವರು ಶನಿವಾರ ರಾತ್ರಿ ಕುಣಿಯೋಕೆ ಅಂತಲೇ ಕಟ್ಟಿಕೊಂಡ ಸಂಗೀತ.

ಅಷ್ಟು ದೂರ ಹೋಗಲಾಗದವರಿಗೆ ಮುಂಬೈ ಇದೆ. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಲ್ಲಿ ಮಹೀಂದ್ರ ಬ್ಲೂಸ್ ಉತ್ಸವ ಶುರುವಾಯಿತು. ಗಿಟಾರಿನ ಬಡ್ಡಿ ಗೈ ಅಲ್ಲಿಗೆ ಹಲವು ಸಲ ಬಂದಿದ್ದಾನೆ. 1936ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಮನೆಯ ಕಿಟಕಿಯ ಸೊಳ್ಳೆ ಪರದೆಯಿಂದ ತಂತಿ ಕಿತ್ತು ವಾದ್ಯ ಮಾಡಿಕೊಳ್ಳುತ್ತಿದ್ದನಂತೆ. ಮನೆಯೊಳಗೆ ಸೊಳ್ಳೆ ಜಾಸ್ತಿಯಾದಾಗ ಅಮ್ಮನಿಗೆ ಗುಟ್ಟು ಗೊತ್ತಾಯಿತು. ಅವನು ಆರ್ಭಟಿಸುತ್ತಾ ನುಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಪಿಸುಮಾತಿಗೆ ಇಳಿದುಬಿಡುತ್ತಾನೆ. ಆಗ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಇದು ರೆಕಾರ್ಡಿನಲ್ಲಿ ಸಿಗಲ್ಲ. ನಮ್ಮವರೂ ಇದ್ದಾರೆ. ಶಿಲ್ಲಾಂಗಿನ ಸೋಲ್‌ಮೇಟ್ ತಂಡ 2003ರಿಂದ ನುಡಿಸುತ್ತಿದೆ, 2007ರಲ್ಲಿ ಮೆಂಫಿಸ್‌ನ ಬ್ಲೂಸ್ ಸ್ಪರ್ಧೆಗೂ ಹೋಗಿ ಬಂತು. ಬೆಂಗಳೂರಿನ ಹಳಬರಿಗೆ ಕ್ರಾನಿಕ್ ಬ್ಲೂಸ್ ಸರ್ಕಸ್ ತಂಡ ಗೊತ್ತೇ ಇರುತ್ತದೆ.

ಇಷ್ಟನ್ನೂ ಹೋದ ತಿಂಗಳು ಚಿಕ್ಕಮ್ಮನ ಮುಂದೆ ಹೇಳಿದೆ. ಪೂರ್ತಿ ಕೇಳಿದರು. ಗೆದ್ದೆ ಅನ್ನಿಸಿತು. ಆ ಹುರುಪಿನಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಹಾಡುಗಾರ 1927ರಲ್ಲಿ ಡಲ್ಲಾಸ್‌ನಲ್ಲಿ ರೆಕಾರ್ಡ್ ಮಾಡಿದ್ದೊಂದನ್ನು ಹಾಕಿದೆ. ಅದರಲ್ಲಿ ಮಾತೇ ಇಲ್ಲ. ತಂತಿಯ ಮೇಲೆ ಜಾರುವ ನಾದ, ಅದರ ಜೊತೆ ಅವನ ನರಳಿಕೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ಇದೂ ಇದೆ, ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ ಅಂತ ಸೇರಿಸಿದೆ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದರು. "ಪಾಪ, ಏನಾಗಿತ್ತೋ ಅವನಿಗೆ" ಅಂದರು. ಆಮೇಲೆ ಅವರ ಕೈ ತೊಡೆಯ ಮೇಲೆ ಏನೋ ಎಣಿಸುತ್ತಿರುವುದು ಕಂಡಿತು. ಮುಗಿದ ಮೇಲೆ ಕೇಳಿದರು.

"ಇದರಲ್ಲಿ ನಿನ್ನ ಹನ್ನೆರಡು ಸಿಗಲಿಲ್ಲವಲ್ಲೋ?"

ಸಿಗಲ್ಲ. ಅದು ಹನ್ನೆರಡು ಬಾರಿನದಲ್ಲ. ಇನ್ನೂ ನಿಜ ಹೇಳಬೇಕೆಂದರೆ ಅವನು ಹಾಡುತ್ತಿದ್ದದ್ದು ದೇವರ ಹಾಡು.

"ಮತ್ತೆ ಇದು ಬ್ಲೂಸ್ ಹೇಗಾಯ್ತು?"

ಕಾಫಿ ಆರುತ್ತೆ ಕುಡೀರಿ ಚಿಕ್ಕಮ್ಮ ಅಂದೆ.