ಶ್ರಾವಣದಾಗ ಚಂಪಿ ತಿನ್ನವಲ್ಲಳು

ಅಡಗಿ ಮನಿ ಬಾಗಲದಾಗ ಸಾಲಾಗಿ ಐದು ವಾಟಿ. ಒಂದ್ರಾಗ ಹಾಲು, ಒಂದ್ರಾಗ ಹಾಲನ್ಯಾಗ ಕಿವುಚಿದ ರೊಟ್ಟಿ, ಒಂದ್ರಾಗ ಮೊಸರನ್ನ, ಆಮ್ಯಾಲ ಅಂಗಡಿಂದ ತಂದ ಬೆಕ್ಕಿನ ಊಟದ ಪ್ಯಾಕೆಟ್ಟಿನ ಒಣ ಕಾಳು, ಕಡೀಕ ಅದೇ ಕಾಳು ನೀರಾಗ ನೆನಸಿದ್ದು. ನಮ್ಮ ಮುದಿ ಬೆಕ್ಕು ಚಂಪಿ ಒಂದೊಂದನ್ನೂ ಮೂಸಿ ನೋಡಿ, ವಾಟಿ ಬಾಜೂಕ ಫರಸಿ ಮ್ಯಾಲ ಮುಂಗಾಲಿಂದ ಕೆರದ್ಲು, ಬೆಕ್ಕು ಹೇಲು ಮುಚ್ಚತಾವಲ್ಲ, ಥೇಟ್ ಹಂಗ. ಅವ್ವ ಮುಂಜಾನೆದ್ದು ಬಡದ ಬಿಸಿ ರೊಟ್ಟಿಗೆ ಇದು ಮರ್ಯಾದಿ. "ಮುದುಕಿ ನಖರಾ ನೋಡು, ಹಸದ್ರ ತಾನಾ ತಿಂತಾಳ ಬಿಡು" ಅಂದ್ಲು ಅವ್ವ. ನಾನೂ ಬಿಟ್ಟೆ.

ಚಂಪಿ ನಮ್ಮ ಬೆಟಗೇರಿ ಮನಿಗೆ ಬಂದಿದ್ದು 2011ರಾಗ. ಆಗಿನ್ನೂ ಅಪ್ಪ ಇದ್ದ, ಪಡಸಾಲ್ಯಾಗ ಒಂದು ಮಗ್ಗ ಬಡೀತಿತ್ತು. ಹಾಸಿನ ನೂಲಿಗೆ ಗಂಜಿ ಕುಡಿಸಿರತಾರಲ್ಲ, ಆ ಗಂಜಿ ವಾಸನಿಗೆ ಇಲಿ ಬಂದು ರಾತ್ರೋರಾತ್ರಿ ಎಳಿ ಕಡದು ಹೋಗ್ತಿದ್ವು, ಮುಂಜಾನೆ ಎದ್ದು ಒಂದೊಂದ ಎಳಿ ಗಂಟು ಹಾಕೋದ್ರಾಗ ಅಪ್ಪಗ ಅರ್ಧಾ ದಿನಾ ಹೋಗ್ತಿತ್ತು. ಸಾಕಾಗಿ ಯಾರದೋ ಮನಿ ಅಟ್ಟದಿಂದ ಅಂಗೈಯಷ್ಟು ಮರೀನ ಅಂಗಿ ಕಿಸೇದಾಗ ಹಾಕ್ಕೊಂಡು ಬಂದ. ಪಗಾರ ದಿನಕ್ಕ ಎರಡು ವಾಟಿ ಹಾಲು, ಮಿಕ್ಕಿದ್ದು ಆಕಿ ದುಡಿಮಿ. ಅಪ್ಪ ಹೋದ, ಮಗ್ಗ ಮೂಲಿ ಸೇರ್ತು, ಚಂಪಿ ಪೆನ್ಶನ್ ಮ್ಯಾಲ ಕುಂತ್ಲು. ಈಗ ಹದಿನಾಲ್ಕು ವರ್ಷ.

ನಖರಾ ಏನು ಹೊಸಾದಲ್ಲ. ನಿನ್ನಿ ಹಾಲು ಮುಟ್ಟಂಗಿಲ್ಲ, ಫ್ರಿಜ್ಜಿಂದ ತಗದಿದ್ದಂತೂ ತಿರುಗಿ ಸೈತ ನೋಡಂಗಿಲ್ಲ. ತಂಗಿ ಧಾರವಾಡದಿಂದ ಪೇಡೆ ತಂದ್ರ ಮಾತ್ರ ಡಬ್ಬಿ ಸಪ್ಪಳಕ್ಕ ಎಲ್ಲಿದ್ರೂ ಹಾಜರ್, "ನಮ್ಮಂಗ ಸೀ ಪ್ರಾಣಿ" ಅಂತ ಅವ್ವಗ ಭಾಳ ಹೆಮ್ಮಿ. ಆಮ್ಯಾಲ ಡಾಕ್ಟರ್ ಹೇಳಿದ್ರು, ಬೆಕ್ಕಿನ ನಾಲಿಗಿಗೆ ಸಿಹಿ ಅನ್ನೋದು ತಿಳಿಯಂಗೇ ಇಲ್ಲಂತ, ಹುಟ್ಟಾನೇ ಆ ಜೀನ್ ಕೆಟ್ಟಿರತೈತಿ, ಆಕಿ ಓಡಿ ಬರೋದು ಹಾಲಿನ ಜಿಡ್ಡಿನ ವಾಸನಿಗೆ ಅಂತ. ಅವ್ವ ಇನ್ನೂ ನಂಬಿಲ್ಲ.

ಈಗ ಶ್ರಾವಣದ ವಿಷಯಕ್ಕ ಬರ್ತೀನಿ. ನಾಗರ ಅಮಾಸಿ ಆತಂದ್ರ ನಮ್ಮ ಮನ್ಯಾಗ ಕೋಳಿ ಕುರಿ ಮೀನ ತತ್ತಿ ಎಲ್ಲಾ ಬಂದ್, ಮತ್ತ ಒಲಿ ಮ್ಯಾಲ ಮಸಾಲಿ ಏರೋದು ಗಣಪ್ಪ ಬಂದ ಮರುದಿನ, ಇಲಿವಾರಕ್ಕ. ಅಲ್ಲೀತನಕ ಚಂಪಿನೂ ನಮ್ಮ ಜೋಡಿ ಹಾಲು ರೊಟ್ಟಿ ಮ್ಯಾಲ ಇರತಾಳ, "ನಮ್ಮ ಬೆಕ್ಕೂ ಶ್ರಾವಣ ಹಿಡಿತೈತಿ" ಅಂತ ಅವ್ವ ಓಣಿ ತುಂಬ ಹೇಳಿದಾಕಿ. ಖರೇ ಅಂದ್ರ ಅಷ್ಟು ವರ್ಷ ಆಕಿ ಹಿತ್ತಲದಾಗ ಇಲಿ ಹಿಡದು ತಿಂದು ಬಂದು ನಮ್ಮ ಮುಂದ ಸಂಭಾವಿತಳಂಗ ಹಾಲು ನೆಕ್ಕತಿದ್ಲು, ಈಗ ಬ್ಯಾಟಿ ಆಡೋ ತ್ರಾಣ ಇಲ್ಲ, ಹಂಗಾಗಿ ವ್ರತ ಖರೇನೇ ಉಪವಾಸ ಆತು. ಇದು ನಮಗ ಹೊಳದಿದ್ದು ಎಲ್ಲಾ ಮುಗದ ಮ್ಯಾಲ.

ಎರಡನೇ ದಿನಾ ಸಂಜೀಕ ಒಂದು ನೋಡಿದೆ. ವಾಟಿ ಸಪ್ಪಳಾದ ಕೂಡಲೇ ಆಕಿ ಓಡೇ ಬಂದ್ಲು, ಅಂದ್ರ ಹಸಿವು ಇತ್ತು. ಒಂದು ತುಣುಕು ಬಾಯಾಗ ತಗೊಂಡು ತಲಿ ಒಂದು ಕಡೆ ವಾರಿ ಮಾಡಿ ಅಗದಂಗ ಮಾಡಿ, ಚಟ್ಟನ ಉಗುಳಿ, ವಾಟಿಗೇ ಒಮ್ಮೆ ಗುರ್ ಅಂದು ಮಗ್ಗದ ಕೆಳಗ ಹೋಗಿ ಮಲಗಿದ್ಲು. ನಖರಾ ಮಾಡೋರು ಹಿಂಗ ಓಡಿ ಬರಂಗಿಲ್ಲಲ್ಲಾ ಅನಿಸ್ತು. ರಾತ್ರಿನೇ ಹುಬ್ಬಳ್ಳಿ ಡಾಕ್ಟರಿಗೆ ಫೋನ್ ಹಚ್ಚಿದೆ. ಎಷ್ಟು ದಿನಾ ಆತು ಅಂದ್ರು, ಎರಡು ದಿನಾ ಸರ ಅಂದೆ. "ನಾಯಿ ಆಗಿದ್ರ ಇನ್ನೊಂದಿನಾ ನೋಡ್ರಿ ಅಂತಿದ್ದೆ, ಬೆಕ್ಕು ಅಂದ್ರ ಮುಂಜಾನೆ ಎದ್ದ ಕೂಡಲೇ ಬಂದ್ಬಿಡ್ರಿ" ಅಂದ್ರು. ಬೆಕ್ಕು ಎರಡು ಮೂರು ದಿನಾ ಪೂರ್ತಿ ಹೊಟ್ಟಿ ಬಿಟ್ರ ಮೈಯಾಗಿನ ಕೊಬ್ಬೆಲ್ಲಾ ಕರಗಿ ಲಿವರಿಗೆ ಹೋಗಿ ತುಂಬತೈತಂತ, ಆಮ್ಯಾಲ ಲಿವರ್ರೇ ಕೈ ಕೊಡತೈತಂತ. ಹಸದ್ರ ತಾನಾ ತಿಂತೈತಿ ಅನ್ನೋ ಮಾತು ಬೆಕ್ಕಿನ ವಿಷಯದಾಗ ನಡಿಯಂಗಿಲ್ಲ ಅಂತ ಆಗ ಗೊತ್ತಾತು, ನಿದ್ದಿನೂ ಹೋತು.

ಮುಂಜಾನೆ ಗೆಳೆಯಾನ ಕಾರಿನ್ಯಾಗ, ಕಾಯಿಪಲ್ಲೆ ಕ್ರೇಟಿನ ಮ್ಯಾಲ ಇನ್ನೊಂದು ಕ್ರೇಟ್ ಬೋರಲ ಹಾಕಿ ಹಗ್ಗ ಕಟ್ಟಿ ಹೊಂಟ್ವಿ. ಅಣ್ಣಿಗೇರಿ ದಾಟೋತನಕ ಒಂದೇ ಸವನ ಒದರಿದ್ಲು, ಆಮ್ಯಾಲ ಸುಮ್ನಾದ್ಲು, ಆ ಸುಮ್ನಾಗಿದ್ದಕ್ಕ ನನಗ ಇನ್ನೂ ಅಂಜಿಕಿ ಬಂತು. ದವಾಖಾನ್ಯಾಗ ತೂಗಿದ್ರ 2.6 ಕಿಲೋ, ಹ್ವಾದ ವರ್ಷ ಲಸಿಕಿ ಹಾಕ್ಸಿದಾಗ 3.8 ಇದ್ಲು. ದಿನಾ ಎತ್ತಿ ಆಡಸೋ ನಮಗ ಒಂದು ಕಿಲೋ ಇಳದಿದ್ದು ಗೊತ್ತಾಗಿಲ್ಲ ನೋಡ್ರಿ, ಕೂದಲಾ ಮುಚ್ಚಿಬಿಟ್ಟಿರತಾವು. ಡಾಕ್ಟರ್ ತುಟಿ ಎತ್ತಿ ತೋರಿಸಿದ್ರು, ಎಡಗಡೆ ಹಿಂದಿನ ಹಲ್ಲಿನ ಬುಡಕ್ಕ ವಸಡು ಕೆಂಪಗ ಬಾತು ರಕ್ತ ಜಿನುಗತಿತ್ತು. ರಕ್ತ ಟೆಸ್ಟಿನ್ಯಾಗ ಕ್ರಿಯಾಟಿನಿನ್ ಏರಿತ್ತು, ಅಂದ್ರ ಕಿಡ್ನಿನೂ ದಣದಾವು. ನೀರು ಜಾಸ್ತಿ ಕುಡಿತಿದ್ಲೇನು ಅಂತ ಕೇಳಿದ್ರು. ಮೂರು ತಿಂಗಳಿಂದ ಬಚ್ಚಲದ ಬಕೀಟಿಗೆ ಬಾಯಿ ಹಾಕತಿದ್ಲು, ನಾವು ಬ್ಯಾಸಗಿ ಝಳಕ್ಕ ಅಂತ ತಿಳಕೊಂಡಿದ್ವಿ.

ಅವತ್ತು ಚರ್ಮದ ಕೆಳಗ ಸಲಾಯಿನ್ ಕೊಟ್ಟು, ನೋವಿಗೆ ಇಂಜೆಕ್ಷನ್ ಹಾಕಿ, ಹಲ್ಲು ಕೀಳಾಕ ಮುಂದಿನ ವಾರ ಬರ್ರಿ ಅಂದ್ರು. ಅಲ್ಲೀತನಕ ಊಟ: ಮೆತ್ತಗ ಇರಬೇಕು, ನೀರ ನೀರ ಇರಬೇಕು, ಉಪ್ಪು ಉಳ್ಳಾಗಡ್ಡಿ ಬಳ್ಳೊಳ್ಳಿ ಸೋಕಬಾರದು, ಸ್ವಲ್ಪ ಸ್ವಲ್ಪ ದಿನಕ್ಕ ಐದು ಸಲ, ಮತ್ತ ಬೆಚ್ಚಗ ಇರಬೇಕು, ಈಗ ತಾನ ಹಿಡದ ಇಲಿ ಮೈ ಎಷ್ಟು ಬೆಚ್ಚಗ ಇರತೈತೋ ಅಷ್ಟು. ವಯಸ್ಸಾದ್ರ ಮೂಗು ಮಂದ ಆಗತೈತಿ, ವಾಸನಿ ಹತ್ತಲಿಲ್ಲಂದ್ರ ಬೆಕ್ಕಿಗೆ ಅದು ಊಟಾನೇ ಅಲ್ಲ. ಒಣ ಮೀನ ಕೊಡಲೇನ್ರಿ ಅಂದೆ, ಉಪ್ಪು ರೀ ಅದು, ಕಿಡ್ನಿಗೆ ವಿಷ ಅಂದ್ರು. ಕಿಡ್ನಿ ದಣದ ಬೆಕ್ಕಿಗಂತಾನೇ ರಂಜಕ, ಅಂದ್ರ ಫಾಸ್ಫರಸ್, ಕಡಿಮಿ ಇರೋ ಊಟ ಬರತೈತಿ, ಆದ್ರ ಮೊದಲು ಏನರ ತಿನ್ನಲಿ, ಚಲೋ ಊಟ ಆಮ್ಯಾಲ ಅಂದ್ರು. "ಬೇಯಿಸಿದ ಕೋಳಿ ಎರಡು ದಿನಾ ಕೊಟ್ಟು ನೋಡ್ರಿ."

ಕೋಳಿ. ಶ್ರಾವಣ ಸೋಮಾರ. ನಾನು ಬಾಯಿ ಬಿಡಲಿಲ್ಲ, ಸುಮ್ನ ಬಂದೆ.

ಬಾಜೂ ಮನಿ ಭಾಬಿಗೆ ಹೇಳಿದೆ, ಉಪ್ಪು ಖಾರ ಏನೂ ಹಾಕದಂಗ ಒಂದು ಹಿಡಿ ಕೋಳಿ ಕುದಿಸಿ ಕೊಡ್ರಿ ಅಂತ. "ಅಯ್ಯ, ಅದಕ್ಕ ಇಷ್ಟು ಸಂಕೋಚ ಯಾಕ ತಮ್ಮಾ" ಅಂದು ಸಂಜಿ ಮುಂದ ಕಂಪೌಂಡ್ ಮ್ಯಾಲಿಂದ ಸ್ಟೀಲ್ ಡಬ್ಬಿ ಕೊಟ್ರು, ಕೋಳಿ ಬೇರೆ, ಕುದಿಸಿದ ನೀರು ಬೇರೆ. ಅವ್ವ ಹಿತ್ತಲದಾಗ ತುಳಸಿಗೆ ದೀಪಾ ಹಚ್ಚತಿದ್ಲು, ಡಬ್ಬಿ ಕಂಡೂ ಕಾಣದಂಗ ಆ ಕಡೆ ಮುಖಾ ಮಾಡಿದ್ಲು. ನಾನು ಮಗ್ಗದ ಹಿಂದ ಕುಂತು ಕೋಳೀನ ಎಳಿ ಎಳಿ ಬಿಡಿಸಿ, ನುಣ್ಣಗ ಅರದು, ಆ ನೀರು ಬೆರಸಿ ಇಟ್ಟೆ. ಚಂಪಿ ಮೂಸಿದ್ಲು. ಕೆರೀಲಿಲ್ಲ, ಆದ್ರ ತಿನ್ನಲೂ ಇಲ್ಲ. ಅಷ್ಟರಾಗ ಅದು ಆರಿ ಹೋಗಿತ್ತು.

ಒಲಿ ಮ್ಯಾಲ ಇಡಂಗಿಲ್ಲ, ಏನು ಮಾಡೋದು ಅಂತ ಕುಂತಿದ್ದೆ. ಅವ್ವ ಒಳಗಿಂದ ಒಂದು ಪರಾತದಾಗ ಬಿಸಿ ನೀರು ತಂದು ನನ್ನ ಮುಂದ ದಬಕ್ಕನ ಇಟ್ಟು, "ವಾಟಿ ಇದ್ರಾಗ ಇಡು. ಒಲಿಗೇನು ಮುಟ್ಟಿಲ್ಲಲ್ಲ" ಅಂದು ಹೋದ್ಲು. ಎರಡು ನಿಮಿಷಕ್ಕ ಬೆಚ್ಚಗಾತು, ಚಂಪಿ ಮೂಗು ಎರಡು ಸಲ ಅಳ್ಳಾಡಿಸಿ ಬಲಗಡೆ ದವಡಿಲೇ ನೆಕ್ಕಾಕ ಹತ್ತಿದ್ಲು. ಮೂರು ಚಮಚ ಅಷ್ಟ. ಒಳಗಿಂದ ಅವ್ವ "ತಿಂದ್ಲೇನು?" ಅಂದ್ಲು. ತಿಂದ್ಲು ಅಂದೆ. "ಬೆಕ್ಕಿಗೆಲ್ಲಿ ಶ್ರಾವಣ ಬಿಡು" ಅಂದ್ಲು, ಹದಿನಾಲ್ಕು ವರ್ಷ ಓಣಿಗೆಲ್ಲಾ ಹೇಳಿದಾಕಿನೇ.

ಮುಂದಿನ ವಾರ ಹಲ್ಲು ಕಿತ್ರು, ಎರಡು. ಈಗ ಕಿಡ್ನಿ ಊಟಕ್ಕ ಭಾಬಿ ಮನಿ ಕೋಳಿ ನೀರು ಬೆರಸಿ ಬೆರಸಿ ರೂಢಿ ಮಾಡಸಾಕತ್ತೀವಿ, ಒಂದು ದಿನಾ ತಿಂತಾಳ, ಒಂದು ದಿನಾ ಕೆರೀತಾಳ. ತೂಕ 2.9 ಆಗೈತಿ. ಪರಾತ ಮಾತ್ರ ಅವ್ವನ ಖಾತೆ, ಬೆರಳು ಅದ್ದಿ ನೋಡಿ ಹದಾ ಐತೋ ಇಲ್ಲೋ ಹೇಳೋದು ಆಕೀನೇ.

ಇಲಿವಾರ ಬಂತು. ಗಣಪ್ಪನ ಮುಂದಿನ ಇಲಿಗೆ ಮಟನ್ ಎಡಿ ಹಿಡದ್ವಿ, ಅವ್ವ ಮಸಾಲಿ ಬೆರಸೋಕಿಂತ ಮೊದಲಾ ಒಂದು ಮೆತ್ತನ ತುಂಡು ಬ್ಯಾರೆ ತಗದಿಟ್ಟಿದ್ಲು. ಅದನ್ನ ಅರದು, ಬಿಸಿ ನೀರಾಗ ವಾಟಿ ಇಟ್ಟು, ಹದಾ ನೋಡಿ, ತಾನಾ ಮಗ್ಗದ ಕೆಳಗ ಬಗ್ಗಿ ಇಟ್ಲು. ಚಂಪಿ ಎದ್ದು ಬಂದು ಮೂಸಿದ್ಲು, ಅವ್ವನ ಮುಖಾ ನೋಡಿದ್ಲು, ಆಮ್ಯಾಲ ಮುಂಗಾಲು ಎತ್ತಿ ನಿಧಾನಕ ಫರಸಿ ಕೆರದ್ಲು. "ಹೌದವ್ವಾ, ಇಲಿದು ಎಂಜಲಾ ಆತು ನಿನಗ" ಅಂತ ಬೈಕೋತ ಅವ್ವ ನೀರು ಇನ್ನೊಮ್ಮೆ ಕಾಸಾಕ ಒಳಗ ಹೋದ್ಲು.