ಎಂಟು ಲಕ್ಷ ಮತ್ತು ಶುಕ್ರವಾರದ ನಾತ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾರದ ರಜೆ ಗುರುವಾರ. ಹಾಗಾಗಿ ನಮ್ಮ ಕಡೆ ನಾತಕ್ಕೂ ಒಂದು ದಿನ ಗೊತ್ತಾಗಿದೆ, ಶುಕ್ರವಾರ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಲೋಹ ಕೊರೆಯುವ ವಿಎಂಸಿ ಮಷೀನಿನ ಕೂಲಂಟ್, ಅಂದರೆ ಕೊರೆಯುವಾಗ ತಂಪು ಮಾಡುವ ದ್ರವ, ಅದರ ಟ್ಯಾಂಕಿನದು. ಮಷೀನು ಒಂದು ದಿನ ನಿಂತರೆ ಮೇಲೆ ಎಣ್ಣೆಯ ಪದರ ಕಟ್ಟುತ್ತದೆ, ಕೆಳಗಿನ ನೀರಿಗೆ ಗಾಳಿ ಹೋಗುವುದಿಲ್ಲ, ಗಾಳಿ ಬೇಡದ ಬ್ಯಾಕ್ಟೀರಿಯಾ ಅಲ್ಲಿ ಜಾತ್ರೆ ಮಾಡುತ್ತವೆ. ಕೂಲಂಟ್ ಚೆಲ್ಲಬೇಕು, ಹೊಸದು ತುಂಬಬೇಕು. ಆಪರೇಟರ್ ಹುಡುಗರ ಕೈ ತುರಿಕೆ ಬೇರೆ.

ನನ್ನ ತಮ್ಮ ಇದಕ್ಕೊಂದು ಪೆಟ್ಟಿಗೆ ಮಾಡಿದ. ಮೊದಲನೆಯದು ನೋಡೋಕೆ ನಗು ಬರುವಂತಿತ್ತು. ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪು, ಎಣ್ಣೆ ಎಳೆದು ತೆಗೆಯೋಕೆ ಒಂದು ಬೆಲ್ಟು, ಹಳೇ ಸ್ಟೀಲ್ ಡಬ್ಬಿ. ಆದರೆ ಮೂರು ಶುಕ್ರವಾರ ನಾತ ಬರಲಿಲ್ಲ. ಇದಕ್ಕೆ ಸೆನ್ಸರ್ ಹಾಕಿ, ಸರಿಯಾಗಿ ಟೆಸ್ಟ್ ಮಾಡಿ, ಮಾರುವ ಹಾಗೆ ಮಾಡಬೇಕು ಅಂತ ಹೊರಟಾಗಲೇ ಸರ್ಕಾರದ ಆರ್ ಅಂಡ್ ಡಿ, ಅಂದರೆ ಸಂಶೋಧನೆಯ ಹಣದ ಲೋಕ ನಮಗೆ ಕಂಡಿದ್ದು.

ಹಣ ಇಲ್ಲ ಅಂತ ಹೇಳುವ ಹಾಗಿಲ್ಲ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡಿಗೆ 945 ಕೋಟಿ ಇಟ್ಟಿದ್ದರು, ಐಡಿಯಾ ಸಾಬೀತು ಮಾಡೋಕೆ 20 ಲಕ್ಷದವರೆಗೆ ಅನುದಾನ. ಆದರೆ ಅರ್ಜಿ ಹಾಕುವಾಗ ಕಂಪನಿಗೆ ಎರಡು ವರ್ಷಕ್ಕಿಂತ ಜಾಸ್ತಿ ಆಗಿರಬಾರದು ಅನ್ನುವ ನಿಯಮ ಇತ್ತು. ನಮ್ಮ ವರ್ಕ್‌ಶಾಪಿಗೆ ಹನ್ನೊಂದು. ಬಯೋಟೆಕ್‌ನವರಿಗೆ ಕೇಂದ್ರದ ಬೈರಾಕ್ ಸಂಸ್ಥೆಯ ಬಿಗ್ ಅನ್ನುವ ಅನುದಾನ ಇದೆ, 50 ಲಕ್ಷದವರೆಗೆ. ನಮ್ಮಲ್ಲಿ ಬ್ಯಾಕ್ಟೀರಿಯಾ ಇದ್ದರೂ ಅದು ಬಯೋಟೆಕ್ ಅಲ್ವಲ್ಲ! 2018ರಲ್ಲಿ ಶುರುವಾದ ರಕ್ಷಣಾ ಇಲಾಖೆಯ ಐಡೆಕ್ಸ್‌ನ ಸಾಮಾನ್ಯ ಅನುದಾನ ಒಂದೂವರೆ ಕೋಟಿವರೆಗೆ, ಅದು ಸೇನೆಗೆ ಬೇಕಾದ ವಸ್ತುಗಳಿಗೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿಯ ಸಂಶೋಧನಾ ನಿಧಿಗೆ ಒಪ್ಪಿಗೆ ಕೊಟ್ಟಾಗ ಊರಿಂದ ಮಾವ ಫೋನ್ ಮಾಡಿ "ನಿಮಗೂ ಬರತೈತೇನಪಾ?" ಅಂತ ಕೇಳಿದರು. ಅದು ಹೆಚ್ಚಾಗಿ ಕಡಿಮೆ ಬಡ್ಡಿಯ ದೊಡ್ಡ ಸಾಲ, ನಮ್ಮಂಥ ಒಂದು ಗಾಳಾದ (ಶಟರ್ ಇರುವ ಒಂದು ಮಳಿಗೆಯ) ಅಂಗಡಿಗೆ ಅಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಕೊನೆಗೆ ತಮ್ಮನ ಹೆಸರಲ್ಲಿ ಒಂದು ಯೋಜನೆಯಲ್ಲಿ ಎಂಟು ಲಕ್ಷ ಮಂಜೂರಾಯಿತು. ಯೋಜನೆಯ ಹೆಸರು, ಸಂಸ್ಥೆಯ ಹೆಸರು ಬೇಡ, ಅಲ್ಲಿನವರು ಒಳ್ಳೆಯವರೇ. ಆದರೆ ಮೊದಲ ಕಂತು ಬಂದಿದ್ದು ಮಂಜೂರಾತಿ ಪತ್ರ ಬಂದು ಏಳು ತಿಂಗಳ ಮೇಲೆ. ಎರಡನೇ ಕಂತು ಬೇಕೆಂದರೆ ಮೊದಲಿನದು ಖರ್ಚಾದ ಲೆಕ್ಕ ಕೊಡಬೇಕು, ಜಿಎಫ್‌ಆರ್ 12-ಎ ಅನ್ನುವ ನಮೂನೆಯಲ್ಲಿ, ಸಿಎ ಸಹಿ ಹಾಕಿ. ಐದು ಸಾವಿರದ ಪಂಪಿಗೂ ಮೂರು ಕೊಟೇಶನ್. ಮೂರನೆಯ ಕೊಟೇಶನ್ ತರೋಕೆ ಅಂತಲೇ ತಮ್ಮ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಎರಡು ದಿನ ಸುಮ್ನೆ ಅಲೆದ. ಬೇರೆ ಬ್ಯಾಂಕ್ ಖಾತೆ ಬೇಕು, ಅದರಲ್ಲಿ ಬಂದ ಬಡ್ಡಿ ವಾಪಸ್ ಸರ್ಕಾರಕ್ಕೆ. ನಮ್ಮ ಬಡ್ಡಿ 1,312 ರೂಪಾಯಿ. ಅದನ್ನು ಕಟ್ಟಿ ಚಲನ್ ಪ್ರಿಂಟ್ ತೆಗೆದು ಫೈಲಿಗೆ ಸೇರಿಸೋಕೆ ಒಂದು ಬೆಳಿಗ್ಗೆ ಹೋಯಿತು. ಲೆಕ್ಕ ಕೇಳುವುದು ತಪ್ಪಲ್ಲ, ಜನರ ಹಣ ಅದು. ಆದರೆ ಆ ಏಳು ತಿಂಗಳು ಸೆನ್ಸರಿಗೆ ಹಣ ಹಾಕಿದ್ದು ನಾವು, ಅದೂ ಅಂಗಡಿಯ ಸಿಸಿ ಸಾಲದ ಖಾತೆಯಿಂದ, ಬ್ಯಾಂಕಿಗೆ ಬಡ್ಡಿ ಕಟ್ಟಿಕೊಂಡು.

ಪಕ್ಕದ ಗಾಳಾದ ಅಥಣಿಯ ಅಣ್ಣನಿಗೆ ಇದನ್ನು ಹೇಳಿದರೆ ಚಹಾ ಕಪ್ ಕೆಳಗಿಟ್ಟು, "ತಮ್ಮಾ, ಸರ್ಕಾರದ ರೊಕ್ಕ ಅಂದ್ರ ಮಳಿ ಇದ್ದಂಗ. ಬರೂದು ಬರತೈತಿ, ಬಿತ್ತೂ ಮುಂದ ಬರೂದಿಲ್ಲ" ಅಂದ.

ಕಂತಿನ ಗೋಳಿಗಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆ. ಅಮೆರಿಕದಲ್ಲಿ 1982ರಲ್ಲಿ ಎಸ್‌ಬಿಐಆರ್ ಅನ್ನುವ ಯೋಜನೆ ಶುರುವಾಯಿತು. ಹೊರಗಿನವರಿಂದ ಸಂಶೋಧನೆ ಮಾಡಿಸೋಕೆ ವರ್ಷಕ್ಕೆ 10 ಕೋಟಿ ಡಾಲರ್ ಮೀರಿ ಖರ್ಚು ಮಾಡುವ ಪ್ರತಿ ಸರ್ಕಾರಿ ಇಲಾಖೆಯೂ ಅದರಲ್ಲಿ ಶೇ. 3.2 ಸಣ್ಣ ಕಂಪನಿಗಳಿಗೆ ತೆಗೆದಿಡಬೇಕು ಅನ್ನುವುದು ಅದರ ನಿಯಮ. ಮೊದಲ ಹಂತ ಆಗುತ್ತೋ ಇಲ್ಲವೋ ನೋಡೋಕೆ, ಎರಡನೆಯದು ಮಾಡಿ ತೋರಿಸೋಕೆ. ಮೂರನೇ ಹಂತದಲ್ಲಿ ಈ ಯೋಜನೆಯ ಹಣ ಒಂದು ಡಾಲರೂ ಇಲ್ಲ. ಆದರೆ ಮತ್ತೆ ಪೈಪೋಟಿ ನಡೆಸದೆ ಇಲಾಖೆಯೇ ನೇರವಾಗಿ ಆ ವಸ್ತು ಕೊಳ್ಳಬಹುದು. ಕ್ವಾಲ್ಕಾಮ್ ಕೂಡ ಸಣ್ಣದಿದ್ದಾಗ ಈ ಹಣ ಪಡೆದಿದೆ. ಅಲ್ಲೂ ಮೂರನೇ ಹಂತ ಮುಟ್ಟುವುದು ಸುಲಭ ಅಂತೇನೂ ಅಲ್ಲ, ಆದರೆ ಬಾಗಿಲಂತೂ ಇದೆ.

ನಮ್ಮಲ್ಲಿ 2005ರಲ್ಲೇ ಬಯೋಟೆಕ್ ಇಲಾಖೆ ಹೆಚ್ಚೂಕಡಿಮೆ ಅದೇ ಹೆಸರಿಟ್ಟು ಎಸ್‌ಬಿಐಆರ್‌ಐ ಶುರು ಮಾಡಿತು. ಕೊಳ್ಳುವ ನಿಯಮಗಳೂ ಇವೆ. 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು, ಸರ್ಕಾರಿ ಕಂಪನಿಗಳು ಈಗ ಶೇ. 25 ಖರೀದಿಯನ್ನು ಸಣ್ಣವರಿಂದಲೇ ಮಾಡಬೇಕು. ಆದರೆ ನಮಗೆ ಪೆಟ್ಟಿಗೆ ಮಾಡೋಕೆ ಹಣ ಕೊಟ್ಟವರು ಬೇರೆ, ಕೊಳ್ಳಬೇಕಾದವರು ಬೇರೆ, ಇಬ್ಬರಿಗೂ ಮಾತುಕತೆ ಇಲ್ಲ. ರೈಲ್ವೆ ವರ್ಕ್‌ಶಾಪುಗಳಲ್ಲೂ ಮಷೀನುಗಳಿವೆ, ಅಲ್ಲೂ ಕೂಲಂಟ್ ಇದೆ. ಹಣ ಕೊಟ್ಟ ಕಮಿಟಿಯೇ "ಹತ್ತು ಪೆಟ್ಟಿಗೆ ಅಲ್ಲಿ ಹಚ್ಚಿ ನೋಡಿ" ಅಂದಿದ್ದರೆ ನಾನು ಎಂಟರ ಬದಲು ನಾಲ್ಕೇ ಲಕ್ಷಕ್ಕೆ ಒಪ್ಪುತ್ತಿದ್ದೆ. ಕೊನೆಯ ರಿವ್ಯೂ ಮೀಟಿಂಗಿನಲ್ಲಿ ಅವರು ಕೇಳಿದ್ದು ಪೇಟೆಂಟ್ ಅರ್ಜಿ ಹಾಕಿದಿರಾ ಅಂತ. ಯಾರಾದರೂ ಕೊಂಡರಾ ಅಂತ ಒಬ್ಬರೂ ಕೇಳಲಿಲ್ಲ.

ಕೊಂಡಿದ್ದು ಚಾಕಣದ ಒಬ್ಬ ಖಾಸಗಿಯವರು, ಹೋದ ತಿಂಗಳು, ಮೂರು ಪೆಟ್ಟಿಗೆ. ಹಣ 90 ದಿನಕ್ಕೆ ಅಂದಿದ್ದಾರೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆ ಇದೆ, ತಮ್ಮನಿಗೂ ಗೊತ್ತು, ಅವರಿಗೂ ಗೊತ್ತು. ಮೊದಲ ಗಿರಾಕಿ ಹತ್ತಿರ ಕಾಯ್ದೆ ಮಾತಾಡೋದಾ ಅಂತ ತಮ್ಮ ಸುಮ್ಮನಿದ್ದಾನೆ. ನಾಲ್ಕನೇ ಪೆಟ್ಟಿಗೆ ಅಥಣಿಯ ಅಣ್ಣನ ಮಷೀನಿನಲ್ಲಿ ಪುಕ್ಕಟೆ ಓಡುತ್ತಿದೆ. ಪ್ರತಿ ಶುಕ್ರವಾರ ಶಟರ್ ಎತ್ತಿ, ಟ್ಯಾಂಕಿನ ಮೇಲೆ ಬಗ್ಗಿ ಮೂಸಿ ನೋಡಿ, ನಮ್ಮ ಕಡೆ ತಿರುಗಿ ಕೈ ಎತ್ತುತ್ತಾನೆ. ರೊಕ್ಕದ ಮಾತು ಮಾತ್ರ ಇನ್ನೂ ತೆಗೆದಿಲ್ಲ.