ಇಲಿ ಬದುಕಿದ್ರೆ ನಾನೂ ಬದುಕ್ತೀನಾ?

ವೈರಸ್ ಲ್ಯಾಬಿನಲ್ಲಿ ಕೆಲಸ ಅಂತ ಗೊತ್ತಾದರೆ ಸಾಕು, ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಹೋದ ಸಲ ಮದುವೆ ಮನೆಯಲ್ಲಿ ನಮ್ಮ ಸೋದರಮಾವ ಶುರು ಮಾಡಿದರು: "ಅಲ್ಲಮ್ಮಾ, ಇಲಿಗೆ ಕೊರೊನಾ ಬರಿಸಿ ಔಷಧಿ ಕೊಡ್ತೀರಂತೆ. ಇಲಿ ಬದುಕಿದ್ರೆ ನಾನೂ ಬದುಕ್ತೀನಿ ಅಂತ ಏನು ಗ್ಯಾರಂಟಿ?"

ಗ್ಯಾರಂಟಿ ಇಲ್ಲ ಮಾವ. ಮೊದಮೊದಲ ಕೊರೊನಾ ಲ್ಯಾಬಿನ ಬಿಳಿ ಇಲಿಗೆ ಸರಿಯಾಗಿ ಅಂಟುತ್ತಲೇ ಇರಲಿಲ್ಲ. ಈ ವೈರಸ್ ಒಳಗೆ ನುಗ್ಗುವುದು ಜೀವಕೋಶದ ಮೇಲಿನ ಏಸ್-2 ಎಂಬ ಪ್ರೋಟೀನನ್ನು ಹಿಡಿದು. ಇಲಿಯ ಏಸ್-2 ಆಗಿನ ವೈರಸ್ಸಿನ ಹಿಡಿತಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಹಳೆಯ ಸಾರ್ಸ್‌ಗೆಂದು (ಅದೂ ಕೊರೊನಾ ಜಾತಿಯದೇ ವೈರಸ್ಸಿನ ಕಾಯಿಲೆ) ಮನುಷ್ಯರ ಏಸ್-2 ಇರುವ ಇಲಿಗಳನ್ನು ಮಾಡಿದ್ದರು, 2007ರಲ್ಲಿ ವರದಿಯೂ ಆಗಿತ್ತು. ಸಾರ್ಸ್ ಹೋಯಿತು, ಇಲಿಗಳನ್ನು ಕೇಳುವವರಿಲ್ಲ. 2020ರಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ವೀರ್ಯದಿಂದ ಆ ತಳಿಯನ್ನು ಮತ್ತೆ ಬೆಳೆಸಬೇಕಾಯಿತು. ಅದರಲ್ಲೂ ಒಂದು ತೊಡಕು: ಆ ಇಲಿಗಳಲ್ಲಿ ವೈರಸ್ ಮಿದುಳಿಗೇ ಏರಿ ಕೊಲ್ಲುತ್ತದೆ. ನಮಗೆ ನೋಡಬೇಕಿದ್ದದ್ದು ಶ್ವಾಸಕೋಶ.

ನನಗೆ ಹ್ಯಾಮ್‌ಸ್ಟರ್ ಇಷ್ಟ, ಇಲಿಯಂಥದೇ ದುಂಡನೆಯ ಪ್ರಾಣಿ. ಯಾವ ಜೀನೂ ಸೇರಿಸದೆ ಸೋಂಕು ತಗಲುತ್ತದೆ, ಪಕ್ಕದ ಗೂಡಿಗೂ ಗಾಳಿಯಲ್ಲೇ ಹರಡುತ್ತದೆ. ಕೆಮ್ಮು, ಜ್ವರ ಅಂತ ಎದ್ದು ಕಾಣುವುದಿಲ್ಲ. ತೂಕ ಇಳಿಯುತ್ತದೆ, ಆರನೇ ದಿನದ ಹೊತ್ತಿಗೆ ತಳ ಮುಟ್ಟಿ, ಎರಡು ವಾರಕ್ಕೆ ಮತ್ತೆ ಏರುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಎರಡೆರಡು ಗ್ಲೌಸ್ ಹಾಕಿಕೊಂಡು ಒಂದೊಂದನ್ನೇ ಡಬ್ಬಿಯಲ್ಲಿಟ್ಟು ತೂಗುವುದೇ ಕೆಲಸ. ಕೆಲವು ಕಳ್ಳಮುಂಡೇವು ಕೆನ್ನೆಯ ಚೀಲದಲ್ಲಿ ತಿಂಡಿ ತುಂಬಿಕೊಂಡು ಕೂತಿರುತ್ತವೆ, ಕಾಯಿಲೆ ಬಿದ್ದದ್ದೂ ದುಂಡಗೆ ಕಾಣುತ್ತದೆ!

ಫ್ಲೂಗಾದರೆ ಫೆರೆಟ್, ಮುಂಗುಸಿಯಂತೆ ಉದ್ದನೆಯ ಪ್ರಾಣಿ. ಅದು ನಮ್ಮ ಹಾಗೇ ಸೀನುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ಮನುಷ್ಯರ ಫ್ಲೂ ವೈರಸ್ ಮೊದಲು ಸಿಕ್ಕಿದ್ದೇ ಇದರಿಂದ.

ಅಂದರೆ ಯಾವ ಪ್ರಾಣಿಯೂ ಸಣ್ಣ ಮನುಷ್ಯ ಅಲ್ಲ. ಹರಡುವುದನ್ನು ನೋಡಲು ಒಂದು, ಸಾವನ್ನು ತಡೆಯುವುದನ್ನು ನೋಡಲು ಇನ್ನೊಂದು. ಅವು ಕೊಡುವ 'ಹೌದು'ಗಿಂತ 'ಇಲ್ಲ'ಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕೊರೊನಾಕ್ಕೂ ಆಗುತ್ತೆ ಅಂತ ಜನ ಕೊಂಡಿಟ್ಟುಕೊಂಡ ಮಲೇರಿಯಾ ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್, ನೆನಪಿದೆಯಲ್ಲ? ಗಾಜಿನ ತಟ್ಟೆಯಲ್ಲಿ, ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ, ಅದು ವೈರಸ್ಸನ್ನು ತಡೆದಿತ್ತು. ಇಡೀ ಕೋತಿಗೆ ಕೊಟ್ಟಾಗ ಏನೂ ಮಾಡಲಿಲ್ಲ, ಹ್ಯಾಮ್‌ಸ್ಟರ್‌ಗೂ ಅಷ್ಟೇ. 2020ರ ಜೂನ್‌ನಲ್ಲಿ ರೋಗಿಗಳ ಮೇಲೆಯೇ ಔಷಧಿ ಪರೀಕ್ಷಿಸಿದ ಬ್ರಿಟನ್ನಿನ 'ರಿಕವರಿ' ಎಂಬ ಪ್ರಯೋಗ, ಆಸ್ಪತ್ರೆ ಸೇರಿದ ರೋಗಿಗಳಿಗೂ ಉಪಯೋಗವಿಲ್ಲ ಎಂದಿತು.

ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಸುಮ್ಮನಾದರು. ಆಗ ಕೊಂಡ ಎರಡು ಸ್ಟ್ರಿಪ್ ಅವರ ಬೀರುವಿನಲ್ಲಿ ಇನ್ನೂ ಇವೆ ಅಂತ ಅತ್ತೆ ಹೇಳಿದರು.